ಗಾಳಿ ಜಾಸ್ತಿ

ಅಂಗಡಿಯ ಪಿಕಪ್ ಅಳಿಯನ ಕೈಯಲ್ಲಿದ್ದಾಗ ಲೀಟರ್ ಡೀಸೆಲ್‌ಗೆ ಹದಿಮೂರು ಕಿಲೋಮೀಟರ್ ಓಡುತ್ತಿತ್ತು. ಸೊಸೆಯ ಕೈಗೆ ಬಂದ ಮೇಲೆ ಹತ್ತು. ಇಷ್ಟು ಗೊತ್ತಾದ ಮೇಲೆ ತಪ್ಪು ಯಾರದೆಂದು ತೀರ್ಮಾನಿಸಲು ಆ ಮನೆಯಲ್ಲಿ ಯಾರಿಗೂ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಅದು ಗಾಜಿನ ಅಂಗಡಿ. ಮುಂದೆ ಕೌಂಟರು, ಹಿಂದೆ ತಗಡಿನ ಶೆಡ್ಡು, ಶೆಡ್ಡಿನ ಗೋಡೆಗೆ ಒರಗಿ ನಿಂತ ಆಳೆತ್ತರದ ಗಾಜಿನ ಹಾಳೆಗಳು. ಯಜಮಾನರು ಮಾವ. ಗಾಜು ಕತ್ತರಿಸುವವನು ಅವರ ಮಗ. ಅವನಿಗೆ ಒಂದು ಮಿಲಿಮೀಟರ್ ತಪ್ಪದೆ ಕತ್ತರಿಸಲು ಬರುತ್ತಿತ್ತು, ಗಾಡಿ ಓಡಿಸಲು ಬರುತ್ತಿರಲಿಲ್ಲ. ಕಲಿಯಲು ಕೂತ ಎರಡೂ ಸಲ ಶೆಡ್ಡಿನ ಕಂಬ ತಾನಾಗಿ ನಡೆದುಬಂದು ಗಾಡಿಗೆ ಗುದ್ದಿತೆಂದು ಇವತ್ತಿಗೂ ವಾದಿಸುತ್ತಾನೆ. ಒಂಬತ್ತು ವರ್ಷ ಪಿಕಪ್ ಓಡಿಸಿದ್ದು ಅಳಿಯ, ಅಂದರೆ ಮಾವನ ಮಗಳ ಗಂಡ. ಅವನ ಸೊಂಟದಲ್ಲಿ ಏನೋ ಜರುಗಿ, ಆರು ತಿಂಗಳು ಸ್ಟೇರಿಂಗ್ ಮುಟ್ಟಬಾರದೆಂದು ಡಾಕ್ಟರು ಹೇಳಿದಾಗ ಅವನನ್ನು ಕೌಂಟರಿನಲ್ಲಿ ಕೂರಿಸಿದರು. ಮನೆಯಲ್ಲಿ ಲೈಸೆನ್ಸ್ ಇದ್ದ ಇನ್ನೊಂದು ಜೀವ ಸೊಸೆ. ಮದುವೆಗೆ ಮುಂಚೆ ತವರಿನಲ್ಲಿ ಹಾಲಿನ ವ್ಯಾನ್ ಓಡಿಸಿದವಳು.

ಅಲ್ಲಿಯವರೆಗೆ ಅವಳ ಕೆಲಸ ಶೆಡ್ಡಿನ ಮೂಲೆಯಲ್ಲಿ, ಗಾಜಿನ ಅಂಚು ತಿಕ್ಕುವ ಮಷೀನಿನ ಮುಂದೆ. ಎಂಟು ವರ್ಷ. ಮಷೀನಿಗೆ ನೀರು ಬೀಳುತ್ತಲೇ ಇರಬೇಕು, ಇಲ್ಲದಿದ್ದರೆ ಗಾಜು ಕಾದು ಸೀಳುತ್ತದೆ. ಹಾಗಾಗಿ ಮೊಣಕೈವರೆಗೆ ಸದಾ ಒದ್ದೆ, ಬೆರಳ ತುದಿಯೆಲ್ಲ ಸುಕ್ಕು, ಎದುರಿಗೆ ಗೋಡೆ. ಪಿಕಪ್ಪಿನಲ್ಲಿ ಕೂತ ಮೊದಲ ದಿನ ಸಂಜೆ ನೋಡಿಕೊಂಡಾಗ ಅವಳ ಕೈ ಒಣಗಿತ್ತು. ಮತ್ತೆ ಮಷೀನಿಗೆ ಹೋಗುವುದಿಲ್ಲ ಎಂದು ಅವತ್ತೇ ನಿರ್ಧರಿಸಿದಳು. ಯಾರಿಗೂ ಹೇಳಲಿಲ್ಲ, ಅಷ್ಟೆ.

ಅದೇ ವಾರ ಮಾವ ಕ್ಯಾಬಿನ್ನಿನ ನೆತ್ತಿಯ ಮೇಲೆ ಒಂದು ತಗಡಿನ ಬೋರ್ಡು ನಿಲ್ಲಿಸಿದರು. ಆರಡಿ ಅಗಲ, ಮೂರಡಿ ಎತ್ತರ. ಎಡಕ್ಕೆ ಅಂಗಡಿಯ ಹೆಸರು, ಫೋನ್ ನಂಬರು. ಬಲಕ್ಕೆ ಹದಿನೈದು ವರ್ಷ ಹಿಂದಿನ ಮಾವನ ಮುಖ, ತಲೆಗೂದಲು ಸಮೇತ.

"ಹೆಂಗಸು ಓಡಿಸೋ ಗಾಡಿ ಅಂತ ಜನ ಹೇಗೂ ತಿರುಗಿ ನೋಡ್ತಾರೆ," ಅಂದರು ಮಾವ. "ನೋಡಿದ್ದಕ್ಕೆ ಓದೋಕೂ ಏನಾದ್ರೂ ಇರ್ಲಿ."

"ಕೂದಲು ಇನ್ನೊಂಚೂರು ದಟ್ಟ ಮಾಡಿಸಬಹುದಿತ್ತು ಅಪ್ಪ," ಅಂದ ಮಗ. "ಹೇಗೂ ಪೇಂಟು ನಮ್ಮದೇ."

ಆರು ತಿಂಗಳು ಮುಗಿಯಿತು. ಅಳಿಯನ ಸೊಂಟ ಸರಿಹೋಯಿತು. ಕೌಂಟರಿನಲ್ಲಿ ಕೂತು ಕೂತು ಅವನಿಗೆ ಬೇಜಾರು ಹಿಡಿದಿತ್ತು. ಆ ಬೇಜಾರಿನ ಬಹುಪಾಲು ಮೈಲೇಜಿನ ಮಾತಾಗಿ ಹೊರಬರುತ್ತಿತ್ತು. ಟ್ಯಾಂಕ್ ಫುಲ್ ಮಾಡಿಸಿದಾಗೆಲ್ಲ ಮಾವ ಮೀಟರ್ ನೋಡಿ, ಕಳೆದು, ಭಾಗಿಸಿ, ಪರೀಕ್ಷೆಯ ಫಲಿತಾಂಶದಂತೆ ಶೆಡ್ಡಿನವರೆಗೂ ಕೇಳುವ ಹಾಗೆ ಕೂಗುತ್ತಿದ್ದರು.

"ಹತ್ತು ಪಾಯಿಂಟ್ ಒಂದು! ಕಾಲು ಭಾರ ಕಣಮ್ಮ ನಿಂದು."

"ಕಾಲಲ್ಲ ಮಾವ, ಗೇರು," ಅಂದ ಅಳಿಯ. "ತಂಗಿ, ಮೂರರಲ್ಲಿ ಗಾಡಿ ಗೋಳಾಡ್ತಿದ್ರೂ ನೀನು ನಾಲ್ಕಕ್ಕೆ ಹಾಕಲ್ಲ. ನಿನಗದು ಕೇಳಿಸಲ್ಲ. ಒಂಬತ್ತು ವರ್ಷ ಓಡಿಸಿದ್ರೆ ಕೇಳಿಸುತ್ತೆ."

"ಅಣ್ಣ, ನೀವು ಕೂತಿರೋದು ಕೌಂಟರಲ್ಲಿ. ನನ್ನ ಗೇರು ನಿಮಗೆ ಹೇಗೆ ಕೇಳಿಸ್ತು?"

"ಮೈಲೇಜಲ್ಲಿ ಕೇಳಿಸ್ತಲ್ಲಮ್ಮ."

"ಸೀಟಿನ ಮೇಲೆ ತೂಕ ಜಾಸ್ತಿ ಇರಬಹುದು," ಎಂದು ಗಂಡ ತನ್ನದೂ ಒಂದು ಸೇರಿಸಿದ. ಅವಳು ತಿರುಗಿ ನೋಡಿದಳು. ಅವನಿಗೆ ತಕ್ಷಣ ಕತ್ತರಿಸಬೇಕಾದ ಗಾಜು ನೆನಪಾಯಿತು.

ಕೊನೆಗೆ ಮಾವ ತೀರ್ಪು ಕೊಟ್ಟರು. "ಈ ತಿಂಗಳೊಳಗೆ ಹನ್ನೆರಡಾದ್ರೂ ಬರ್ಲಿ. ಇಲ್ಲಾಂದ್ರೆ ಕೀ ಅಳಿಯಂದ್ರಿಗೆ, ನೀನು ಮಷೀನಿಗೆ. ನೀನು ಹೋದ್ಮೇಲೆ ಆ ಅಂಚು ನೋಡೋಕಾಗ್ತಿಲ್ಲ. ನಿನ್ನಷ್ಟು ಚೆನ್ನಾಗಿ ಯಾರಿಗೂ ತಿಕ್ಕೋಕೆ ಬರಲ್ಲಮ್ಮ."

ಹೊಗಳಿ ಹೊಗಳಿಯೇ ಅವಳನ್ನು ಎಂಟು ವರ್ಷ ಆ ಮೂಲೆಯಲ್ಲಿ ನಿಲ್ಲಿಸಿದ್ದರು.

ತಿಂಗಳ ಕೊನೆ ಮೂರು ಟ್ಯಾಂಕ್ ದೂರವಿತ್ತು. ಮೊದಲನೇ ಟ್ಯಾಂಕಿನಲ್ಲಿ ಅವಳು ತನಗೆ ಗೊತ್ತಿದ್ದದ್ದನ್ನೆಲ್ಲ ಮಾಡಿದಳು. ಗಾಡಿಯ ಹಿಂದೆ ವರ್ಷಗಳಿಂದ ಬಿದ್ದಿದ್ದ ಪುಟ್ಟಿ ಡಬ್ಬ, ಮುರಿದ ಚೌಕಟ್ಟು, ಯಾರದೋ ಮನೆಯ ಅರ್ಧ ಬಾಗಿಲು ಎಲ್ಲವನ್ನೂ ಇಳಿಸಿದಳು. ಸಿಗ್ನಲ್ಲಿನಲ್ಲಿ ಇಂಜಿನ್ ಆಫ್ ಮಾಡಿದಳು. ಫಿಲ್ಟರ್ ಬದಲಾಯಿಸಿದಳು. ಕಾಲನ್ನು ಎಷ್ಟು ಹಗುರ ಮಾಡಿದಳೆಂದರೆ ಹೆದ್ದಾರಿಯಲ್ಲಿ ಹಿಂದಿನವರು ಹಾರ್ನ್ ಹೊಡೆದು ಹೊಡೆದು ಸುಸ್ತಾದರು. ಒಬ್ಬ ಸೈಕಲ್ಲಿನವನು ಪಕ್ಕದಲ್ಲೇ ಸ್ವಲ್ಪ ದೂರ ಬಂದು, "ಏನಕ್ಕ, ಗಾಡಿ ಕೆಟ್ಟಿದೆಯಾ?" ಎಂದು ಕೇಳಿ ಹೋದ.

"ಹತ್ತು ಪಾಯಿಂಟ್ ನಾಲ್ಕು!" ಎಂದು ಕೂಗಿದರು ಮಾವ.

ಅವಳು ಗಾಡಿಯನ್ನು ಟೆಲಿಗ್ರಾಂ ಹತ್ತಿರ ತೆಗೆದುಕೊಂಡು ಹೋದಳು.

ಟೆಲಿಗ್ರಾಂ ಅಂದರೆ ಬಸ್ ಡಿಪೋ ಹಿಂದಿನ ಗ್ಯಾರೇಜಿನ ಮೆಕ್ಯಾನಿಕ್. ಒಂದು ಮಾತಲ್ಲಿ ಮುಗಿಯುವುದಕ್ಕೆ ಎರಡನೆಯದು ಬಳಸುವವನಲ್ಲ. ಅವನ ಮದುವೆ ಕೂಡ "ಸರಿ" ಎಂಬ ಒಂದೇ ಶಬ್ದದಲ್ಲಿ ಆಯಿತೆಂದು ಗ್ಯಾರೇಜಿನವರು ಆಡಿಕೊಳ್ಳುತ್ತಿದ್ದರು. ಅವನು ಪಿಕಪ್ ಹತ್ತಿ ಹೆದ್ದಾರಿಯವರೆಗೆ ಹೋಗಿ ಬಂದ. ಇಳಿದವನು ಸೀದಾ ಇನ್ನೊಂದು ಲಾರಿಯ ಬಾನೆಟ್ಟಿನೊಳಗೆ ತಲೆ ತೂರಿಸಿದ.

"ಏನಂತೆ?" ಎಂದು ಕೇಳಿದಳು ಸೊಸೆ.

"ಗಾಳಿ," ಅಂತು ಬಾನೆಟ್ಟು.

"ಗಾಳಿ ಏನು?"

"ಜಾಸ್ತಿ."

"ಕಮ್ಮಿ ಮಾಡಿದ್ರೆ ಸರಿಹೋಗುತ್ತಾ?"

"ಹೋಗುತ್ತೆ."

ಅವನ ಮಟ್ಟಿಗೆ ಅದು ಭಾಷಣ. ಅವಳು ಖುಷಿಯಿಂದ ಪಂಕ್ಚರ್ ಅಂಗಡಿಗೆ ಹೋಗಿ ನಾಲ್ಕೂ ಟೈರಿನ ಗಾಳಿಯನ್ನು ನಲವತ್ತೈದರಿಂದ ಮೂವತ್ತಕ್ಕೆ ಇಳಿಸಿದಳು. ಗಾಡಿ ಮೆತ್ತೆಯ ಮೇಲೆ ಕೂತಂತಾಯಿತು. ಗುಂಡಿಯೇ ಗೊತ್ತಾಗುತ್ತಿರಲಿಲ್ಲ. ಇಷ್ಟು ಹಿತವಾಗಿ ಓಡುವ ಗಾಡಿ ಇನ್ನೇನು ಹದಿಮೂರು ಕೊಡದೆ ಇರುತ್ತದೆಯೇ ಎಂದು ನಾಲ್ಕು ದಿನ ಹಾಡು ಗುನುಗುತ್ತ ಓಡಿಸಿದಳು.

"ಒಂಬತ್ತು!"

ಪಾಯಿಂಟು ಕೂಡ ಇಲ್ಲದ ಒಂಬತ್ತು. ಅಳಿಯ ನಗಬಾರದೆಂದು ಪ್ರಯತ್ನಪಟ್ಟ. ಪ್ರಯತ್ನ ಸಾಲಲಿಲ್ಲ.

"ತಂಗಿ, ಹೀಗೇ ಹೋದ್ರೆ ಡೀಸೆಲ್ ಟ್ಯಾಂಕರನ್ನೇ ಹಿಂದೆ ಕಟ್ಕೊಂಡು ಹೋಗ್ಬೇಕಾಗುತ್ತೆ."

"ಇನ್ನೊಂದು ಟ್ಯಾಂಕ್ ಬಾಕಿ ಇದೆ ಅಣ್ಣ," ಎಂದು ಹೇಳಿ ಅವಳು ನೇರ ಗ್ಯಾರೇಜಿಗೆ ಬಂದಳು. ಟೆಲಿಗ್ರಾಂ ಆವತ್ತು ಬೇರೆ ಗಾಡಿಯ ಅಡಿಯಲ್ಲಿದ್ದ. ಕಾಲು ಮಾತ್ರ ಕಾಣುತ್ತಿತ್ತು. ಅವಳು ಕಾಲಿಗೇ ಬೈದಳು.

"ನಿಮ್ಮ ಮಾತು ಕೇಳಿ ಗಾಳಿ ಬಿಟ್ಟೆ, ಇದ್ದ ಹತ್ತೂ ಹೋಯ್ತು! ಮೂವತ್ತಕ್ಕೆ ಇಳಿಸಿದ್ದೀನಿ. ಇನ್ನೆಷ್ಟು ಇಳಿಸ್ಬೇಕು?"

ಕಾಲು ಸ್ವಲ್ಪ ಹೊತ್ತು ಯೋಚಿಸಿತು. ಆಮೇಲೆ ಇಡೀ ಟೆಲಿಗ್ರಾಂ ಹೊರಬಂದು ಕೂತ.

"ಟೈರು?"

"ಟೈರಲ್ಲದೆ ಇನ್ನೆಲ್ಲಿರುತ್ತೆ ಗಾಳಿ?"

ಅವನು ಎಣ್ಣೆಗೈ ಎತ್ತಿ ತೋರಿಸಿದ. ಅವಳು ಮೊದಲು ಆಕಾಶ ನೋಡಿದಳು. ಆಮೇಲೆ ಬೆರಳಿನ ಜಾಡು ಹಿಡಿದು ಕೆಳಗಿಳಿದಾಗ ಕ್ಯಾಬಿನ್ನಿನ ಮೇಲೆ ಮಾವ ಕೂದಲು ಸಮೇತ ನಗುತ್ತಿದ್ದರು.

"ಎದುರುಗಾಳಿ," ಅಂದ ಟೆಲಿಗ್ರಾಂ. ಆಮೇಲೆ, ಇಷ್ಟೆಲ್ಲ ಆದ ಮೇಲೆ ಬಿಡಿಸಿ ಹೇಳುವುದೇ ಒಳ್ಳೆಯದೆಂದು ಅನ್ನಿಸಿರಬೇಕು, "ಬಾಗಿಲು ನಿಲ್ಲಿಸ್ಕೊಂಡು ಓಡಿದ ಹಾಗೆ. ಇಂಜಿನ್ ಅದನ್ನ ತಳ್ಬೇಕು. ಟೈರಿಗೆ ನಲವತ್ತೈದೇ ಇರ್ಲಿ," ಎಂದು ಮುಗಿಸಿ, ಆ ವಾರದ ಮಾತು ಖರ್ಚಾದವನಂತೆ ಮತ್ತೆ ಗಾಡಿಯ ಅಡಿಗೆ ಸರಿದ.

ಹೆದ್ದಾರಿಯಲ್ಲಿ ಅರವತ್ತು ದಾಟಿದರೆ ಗಾಡಿ ಯಾರೋ ಹಿಂದಿನಿಂದ ಹಿಡಿದು ಎಳೆದಂತೆ ಮೊಂಡು ಮಾಡುವುದು ಅವಳಿಗೆ ಗೊತ್ತಿತ್ತು. ಪಿಕಪ್ ಅಂದರೆ ಹಾಗೇ ಇರಬೇಕು ಅಂದುಕೊಂಡಿದ್ದಳು. ಬೋರ್ಡು ಇಲ್ಲದೆ ಅವಳು ಒಂದು ಟ್ಯಾಂಕ್ ಕೂಡ ಪೂರ್ತಿ ಓಡಿಸಿರಲಿಲ್ಲ. ಅಳಿಯ ಬೋರ್ಡು ಇದ್ದ ದಿನ ಓಡಿಸಿದ್ದೇ ಇಲ್ಲ.

ಮನೆಗೆ ಬಂದು ಗಂಡನಿಗೆ ಹೇಳಿದಳು.

"ಈಗಲೇ ಹೇಳ್ಬೇಡ," ಅಂದ ಗಂಡ. "ಸೋತವಳು ನೆಪ ಹೇಳ್ತಾಳೆ ಅಂತಾರೆ. ಅದೂ ಅಪ್ಪನ ಮುಖದ ಮೇಲೆ ನೆಪ."

ಅವಳೂ ಅದನ್ನೇ ಯೋಚಿಸಿದ್ದಳು. ಮರುದಿನ ಬೆಳಿಗ್ಗೆ ಕೌಂಟರಿನ ಮೇಲೆ ಕೀ ಇಟ್ಟಳು.

"ಮಾವ, ಕೊನೇ ಟ್ಯಾಂಕ್ ಅಣ್ಣ ಓಡಿಸ್ಲಿ. ಅದೇ ಗಾಡಿ, ಅದೇ ರೋಡು, ಅದೇ ಲೋಡು. ಹನ್ನೆರಡು ಬಂದ್ರೆ ಕೀ ಅವರದ್ದು, ನಾನು ಬಾಯಿ ಬಿಡಲ್ಲ. ಬರದಿದ್ರೆ ಕೀ ನಂದು, ನೀವ್ಯಾರೂ ಬಾಯಿ ಬಿಡಬಾರದು."

"ಹನ್ನೆರಡಾ?" ಅಳಿಯ ಆಗಲೇ ಕೀ ಎತ್ತಿಕೊಂಡಿದ್ದ. "ಕಣ್ಣು ಮುಚ್ಕೊಂಡು ತರ್ತೀನಿ."

"ಕಣ್ಣು ಬಿಟ್ಕೊಂಡೇ ಓಡಿಸಿ ಅಣ್ಣ. ಆಮೇಲೆ, ಗಾಳಿ..."

"ಗಾಳಿ ವಿಷಯ ನನಗೆ ಹೇಳ್ಕೊಡ್ತೀಯಾ? ನೋಡ್ಕೋತೀನಿ ಬಿಡಮ್ಮ."

ಅವನು ಪಂಕ್ಚರ್ ಅಂಗಡಿಗೆ ಹೋಗಿ ನಾಲ್ಕೂ ಟೈರಿಗೆ ಸರಿಯಾಗಿ ನಲವತ್ತೈದು ಹಾಕಿಸಿಕೊಂಡ. ಹೇಳಲು ಹೋಗಿದ್ದೇನೋ ನಿಜ, ಅವನು ಕೇಳಿಸಿಕೊಳ್ಳಲಿಲ್ಲ ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹೆಚ್ಚು ಒತ್ತಾಯದಿಂದ ಹೇಳಲೂ ಇಲ್ಲ ಎನ್ನುವುದು ಅವಳಿಗೆ ಗೊತ್ತಿತ್ತು.

ನಾಲ್ಕು ದಿನ ಮಷೀನಿನ ಮುಂದೆ ನಿಂತಳು. ಮೊದಲ ದಿನವೇ ಬೆರಳು ಸುಕ್ಕಾಯಿತು. ಅಳಿಯ ಗೇಟು ದಾಟುವಾಗ ಗೇರು ಬದಲಾಗುವ ಸದ್ದು ನಿಜಕ್ಕೂ ನಯವಾಗಿ ಕೇಳುತ್ತಿತ್ತು. ಟೆಲಿಗ್ರಾಂ ಹೇಳಿದ್ದು ತಪ್ಪಾಗಿದ್ದರೆ? ಅಳಿಯನ ಕಾಲೇ ನಿಜವಾಗಿಯೂ ಅಷ್ಟು ಹಗುರವಾಗಿದ್ದರೆ? ತಾನೇ ಎತ್ತಿಕೊಟ್ಟ ಕೀ ಅದು. ಆ ಗೋಡೆಯಲ್ಲಿ ಎಂಟು ವರ್ಷ ನೋಡಿದ್ದ ಬಿರುಕು ಈಗ ಒಂದು ಗೇಣು ಬೆಳೆದಿತ್ತು. ಇನ್ನು ಅದು ನೆಲ ಮುಟ್ಟುವವರೆಗೂ ತಾನೇ ನೋಡಬೇಕಾಗುತ್ತದೇನೋ ಅನ್ನಿಸಿತು.

ಎರಡನೇ ದಿನ ಅಳಿಯ ಸಿಳ್ಳೆ ಹಾಕುತ್ತ ಬಂದ. ಮೂರನೇ ದಿನ ಸಿಳ್ಳೆ ಇರಲಿಲ್ಲ. ನಾಲ್ಕನೇ ದಿನ ಇಳಿದವನು ಗಾಡಿಯ ಸುತ್ತ ಒಂದು ಸುತ್ತು ಬಂದು, ಟೈರಿಗೆ ಒದ್ದು, ಡೀಸೆಲ್ ಮುಚ್ಚಳ ತೆಗೆದು ಮೂಸಿದ.

ಮಾವ ಎರಡು ಸಲ ಭಾಗಿಸಿದರು. ಈ ಸಲ ಕೂಗಲಿಲ್ಲ.

"ಎಷ್ಟು ಬಂತು ಅಪ್ಪ?" ಮಗ ಶೆಡ್ಡಿನಿಂದಲೇ ಕೇಳಿದ. "ಕೇಳಿಸ್ಲಿಲ್ಲ."

"ಹತ್ತು ಪಾಯಿಂಟ್ ಆರು," ಅಂದರು ಮಾವ ತಮ್ಮ ಅಂಗಿಯ ಗುಂಡಿಗೆ.

"ಕಾಲು ಭಾರ ಇರಬಹುದು ಅಣ್ಣ," ಅಂದಳು ಸೊಸೆ, ಕೈ ಒರೆಸಿಕೊಳ್ಳುತ್ತ.

ಅಳಿಯನ ಮುಖ ಕೆಂಪಾಯಿತು. "ನನ್ನ ಕಾಲಲ್ಲ. ಗಾಡೀನೇ ಎಳೀತಿಲ್ಲ. ಆರು ತಿಂಗಳಲ್ಲಿ ಇಂಜಿನ್ ಕೆಡಿಸಿಟ್ಟಿದ್ದಾಳೆ ಮಾವ! ನಾನು ಬಿಟ್ಟಾಗ ಹೇಗಿತ್ತು, ಈಗ ನೋಡಿ."

ಮಾವ ಸೊಸೆಯ ಕಡೆ ತಿರುಗಿದರು. ಅವರ ಕಣ್ಣಲ್ಲಿ ಅಳಿಯನ ಮಾತಿನ ಮೇಲೆ ನಂಬಿಕೆ ಅರ್ಧ ಬಂದುಬಿಟ್ಟಿತ್ತು. ಇನ್ನರ್ಧ ಬರುವುದರೊಳಗೆ ಅವಳು ಟೂಲ್ ಡಬ್ಬದಿಂದ ಸ್ಪಾನರ್ ಎತ್ತಿಕೊಂಡಳು.

"ಇಂಜಿನ್ ಕೆಟ್ಟಿದೆಯೋ ಇಲ್ಲವೋ ಈಗಲೇ ನೋಡೋಣ. ಎಲ್ಲರೂ ಹತ್ತಿ. ಅಣ್ಣ, ನೀವೇ ಓಡಿಸಿ."

ಕ್ಯಾಬಿನ್ನಿನಲ್ಲಿ ಮೂವರು ಒತ್ತಿಕೊಂಡು ಕೂತರು: ಅಳಿಯ, ಮಧ್ಯೆ ಮಾವ, ಕಿಟಕಿ ಪಕ್ಕ ಸೊಸೆ. ಗಂಡ ಹಿಂದೆ ಹತ್ತಿದ. ಊರ ಹೊರಗೆ ಹೆದ್ದಾರಿಯಲ್ಲಿ ಚಪ್ಪಟೆಯಾಗಿ ಹಾಸಿದಂಥ ಒಂದು ನೇರ ರಸ್ತೆಯಿತ್ತು. ಬದಿಯುದ್ದಕ್ಕೂ ಲೈಟ್ ಕಂಬ. ಮಧ್ಯಾಹ್ನದ ಹೊತ್ತು, ಓಡಾಟ ಕಡಿಮೆ.

"ಅರವತ್ತಕ್ಕೆ ತನ್ನಿ ಅಣ್ಣ. ಸೇತುವೆ ದಾಟಿದ ತಕ್ಷಣ ನ್ಯೂಟ್ರಲ್‌ಗೆ ಹಾಕಿ ಕಾಲು ಎತ್ತಿಬಿಡಿ. ಬ್ರೇಕ್ ಮುಟ್ಟಬೇಡಿ. ಮಾವ, ಮುಳ್ಳು ಇಪ್ಪತ್ತಕ್ಕೆ ಇಳಿಯೋವರೆಗೆ ಎಷ್ಟು ಕಂಬ ದಾಟುತ್ತೆ ಅಂತ ಎಣಿಸಿ."

"ಇದೇನು ಆಟ?"

"ಕಾಲು ಭಾರ ಅಂದ್ರಲ್ಲ, ಈಗ ಕಾಲೇ ಇಲ್ಲ. ಗೇರು ಅಂದ್ರು, ಗೇರೂ ಇಲ್ಲ. ಇಂಜಿನ್ನೂ ಎಳೀತಿಲ್ಲ. ಏನು ಉಳಿಯುತ್ತೋ ನೋಡೋಣ."

ಮಾವ ಎಣಿಸಿದರು. ಹದಿನೈದು ಕಂಬಕ್ಕೆ ಮುಳ್ಳು ಇಪ್ಪತ್ತಕ್ಕೆ ಇಳಿದು ಗಾಡಿ ತೆವಳತೊಡಗಿತು. ಬದಿಗೆ ನಿಲ್ಲಿಸಿದರು. ಸೊಸೆ ಇಳಿದು ಸ್ಪಾನರನ್ನು ಗಂಡನ ಕೈಗೆ ಕೊಟ್ಟಳು. ಅವನು ಮೇಲೆ ಹತ್ತಿ ನಾಲ್ಕು ಬೋಲ್ಟು ಬಿಚ್ಚಿ ಬೋರ್ಡನ್ನು ಹಿಂದಕ್ಕೆ ಇಳಿಸಿದ.

"ಅದನ್ನ್ಯಾಕೋ ತೆಗೀತಿದ್ದೀಯ?" ಮಾವ ಕ್ಯಾಬಿನ್ನಿನಿಂದಲೇ ಕೂಗಿದರು.

"ನಿಮಗೆ ಸ್ವಲ್ಪ ರೆಸ್ಟ್ ಅಪ್ಪ. ಆರು ತಿಂಗಳಿಂದ ನಿಂತೇ ಇದ್ದೀರ."

ಬೋರ್ಡನ್ನು ಗಾಡಿಯ ಹಿಂದೆ ಮಲಗಿಸಿ, ಹಾರದಂತೆ ಹಗ್ಗ ಬಿಗಿದು, ಅವನು ಅದರ ಮೇಲೇ ಕೂತ. ಮಾವ ಹಿಂದಿನ ಕಿಟಕಿಯಿಂದ ನೋಡಿದರು.

"ಮುಖದ ಮೇಲೆ ಕೂರ್ಬೇಡ್ವೋ! ಫೋನ್ ನಂಬರ್ ಮೇಲೆ ಕೂತ್ಕೋ!"

ತಿರುಗಿಸಿಕೊಂಡು ಹೋಗಿ ಮತ್ತೆ ಅದೇ ಸೇತುವೆ. ಅದೇ ಅರವತ್ತು. ಅಳಿಯ ಕಾಲೆತ್ತಿದ. ಹತ್ತು ಕಂಬದವರೆಗೆ ಮಾವ ನಿರಾಳವಾಗಿ ಎಣಿಸಿದರು. ಹದಿನೈದಕ್ಕೆ ಅವರ ದನಿ ತಗ್ಗಿತು. ಗಾಡಿ ಇನ್ನೂ ಹುರುಪಿನಲ್ಲಿತ್ತು. ಹದಿನೆಂಟು, ಹತ್ತೊಂಬತ್ತು. ಇಪ್ಪತ್ತಾದ ಮೇಲೆ ಮಾವ ಸುಮ್ಮನಾದರು. ಉಳಿದದ್ದನ್ನು ಅಳಿಯ ಬಾಯಿಬಿಟ್ಟು ಎಣಿಸಿದ. ಇಪ್ಪತ್ಮೂರಕ್ಕೆ ಮುಳ್ಳು ಇಪ್ಪತ್ತಕ್ಕೆ ಇಳಿಯಿತು.

ಸೊಸೆಯೂ ಇದನ್ನು ನೋಡುತ್ತಿದ್ದದ್ದು ಮೊದಲ ಸಲವೇ.

"ಇನ್ನೊಂದ್ಸಲ," ಅಂದರು ಮಾವ.

ಇನ್ನೊಂದು ಸಲವೂ ಇಪ್ಪತ್ಮೂರು.

"ಇಂಜಿನ್ ಕೆಟ್ಟಿಲ್ಲ ಮಾವ," ಅಂದಳು ಸೊಸೆ. "ಗಾಳಿಗೆ ಅಡ್ಡ ನಿಲ್ಲಿಸಿದ್ವಿ. ಆ ಗಾಳಿ ತಳ್ಳೋಕೇ ಮೂರು ಕಿಲೋಮೀಟರಿನ ಡೀಸೆಲ್ ಹೋಗ್ತಿತ್ತು."

"ಅಂದ್ರೆ ನನ್ನ ಮುಖ ಡೀಸೆಲ್ ಕುಡೀತಿತ್ತು ಅಂತೀಯ?"

"ಮುಖ ಅಂತ ನಾನು ಅಂದಿಲ್ಲ. ಬೋರ್ಡು ಅಂದೆ."

"ಬೋರ್ಡೂ ಅನ್ಲಿಲ್ಲ ನೀನು," ಅಂದ ಅಳಿಯ. ಆಮೇಲೆ ಏನೋ ಹೊಳೆದು ಅವಳ ಕಡೆ ನೋಡಿದ. "ನಿನಗೆ ಮೊದಲೇ ಗೊತ್ತಿತ್ತಾ? ಗಾಳಿ ಅಂದ್ಯಲ್ಲ ಅವತ್ತು..."

"ಅಂದೆ. ನೀವು ನೋಡ್ಕೋತೀನಿ ಅಂದ್ರಿ."

ಅಳಿಯನಿಗೆ ಕೋಪ ಬರಬೇಕಿತ್ತು. ಬರುವ ಹಾದಿಯಲ್ಲೂ ಇತ್ತು. ಆದರೆ ಒಂಬತ್ತು ವರ್ಷ ಓಡಿಸಿದ ಗಾಡಿ ತನ್ನ ಕಾಲಿಲ್ಲದೆಯೇ ಇಪ್ಪತ್ಮೂರು ಕಂಬ ಓಡಿದ್ದನ್ನು ಅವನು ಕಣ್ಣಾರೆ ನೋಡಿದ್ದ. "ನಾಲ್ಕು ದಿನ ಸೊಂಟ ಮುರ್ಕೊಂಡು ನಿಧಾನಕ್ಕೆ ಓಡಿಸಿದೆ ಕಣಮ್ಮ," ಎಂದಷ್ಟೇ ಅಂದ. "ಒಬ್ಬ ಸೈಕಲ್ಲಿನವನು ಗಾಡಿ ಕೆಟ್ಟಿದೆಯಾ ಅಂತ ಕೇಳಿದ."

"ಅವನು ಎಲ್ಲರನ್ನೂ ಕೇಳ್ತಾನೆ ಬಿಡಿ ಅಣ್ಣ."

ಮಾವ ಇನ್ನೂ ಮುಂದಿನ ಗಾಜಿನಾಚೆ ನೋಡುತ್ತ ಕೂತಿದ್ದರು. ಮೂವತ್ತು ವರ್ಷ ಗಾಜು ಮಾರಿದವರು, ಆದರೆ ಆ ಹೊತ್ತಿಗೆ ಅದರಾಚೆ ಏನೂ ಕಾಣುತ್ತಿದ್ದಂತಿರಲಿಲ್ಲ. ಕೊನೆಗೆ ಗಂಟಲು ಸರಿಮಾಡಿಕೊಂಡರು.

"ಹತ್ತೇನೂ ಅಷ್ಟು ಕಮ್ಮಿ ಮೈಲೇಜಲ್ಲ."

"ಮಾವ!" ಅಂದ ಅಳಿಯ.

"ಅಲ್ಲ, ಒಂದು ಮಾತು ಹೇಳ್ದೆ."

"ಸರಿ ಮಾವ," ಅಂದಳು ಸೊಸೆ. "ಬೋರ್ಡು ನಿಂತೇ ಇರ್ಲಿ ಅಂದ್ರೆ ಇರ್ಲಿ. ಆದ್ರೆ ಹತ್ತು ಅಂತ ಯಾರೂ ಕೂಗಬಾರದು. ಇಳಿಸೋಣ ಅಂದ್ರೆ ಹದಿಮೂರು ನಾನು ತರ್ತೀನಿ, ಆಗ ಬೇಕಾದ್ರೆ ಕೂಗಿ. ಯಾವುದಾದ್ರೂ ನನಗೆ ಸರಿ. ಅದಕ್ಕೂ ಮುಂಚೆ ಕೀ ಯಾರದ್ದು ಅಂತ ಹೇಳಿಬಿಡಿ."

ಮಾವ ಕೈ ಚಾಚಿದರು. ಅಳಿಯ ಇಂಜಿನ್ ಆಫ್ ಮಾಡಿ ಕೀ ತೆಗೆದು ಅವರ ಅಂಗೈಯಲ್ಲಿಟ್ಟ. ಕೀ ಮಾವನ ಕೈಯಲ್ಲಿ ಎರಡು ಗಳಿಗೆ ಇದ್ದು ಸೊಸೆಯ ಕೈಗೆ ಬಂತು.

"ಅಂಚು ತಿಕ್ಕೋಕೆ ಯಾರನ್ನಾದ್ರೂ ಹುಡುಕ್ಬೇಕಲ್ಲಮ್ಮ ಈಗ," ಅಂದರು.

"ಹುಡುಕಿ. ಕಲಿಸ್ಕೊಡ್ತೀನಿ."

ಅಳಿಯ ಇಳಿದು ಹಿಂದೆ ಹತ್ತಿ ಬಾಮೈದುನನ ಪಕ್ಕ, ಫೋನ್ ನಂಬರಿನ ಮೇಲೆ ಕೂತ. ಸೊಸೆ ಸೀಟನ್ನು ತನ್ನ ಅಳತೆಗೆ ಮುಂದಕ್ಕೆ ಎಳೆದುಕೊಂಡು, ಕನ್ನಡಿ ಸರಿಪಡಿಸಿ, ಗಾಡಿ ಸ್ಟಾರ್ಟ್ ಮಾಡಿದಳು. ಮಾವ ಮತ್ತೊಮ್ಮೆ ಹಿಂದಿನ ಕಿಟಕಿಯಲ್ಲಿ ಇಣುಕಿದರು.

"ಹಾಗೇ ಮಲಗಿಸ್ಕೊಂಡು ಓಡಾಡು. ಕಟ್ಟಡದ ಹತ್ರ ಗಾಡಿ ನಿಲ್ಲಿಸಿದಾಗ ಬೇಕಾದ್ರೆ ಎತ್ತಿ ನಿಲ್ಲಿಸು, ಜನ ನೋಡ್ತಾರೆ. ಓಡ್ವಾಗ ಮಾತ್ರ ಮುಖ ಮೇಲಕ್ಕಿರ್ಲಿ."

"ಅದರ ಮೇಲೆ ಗಾಜಿನ ಲೋಡು ಬರುತ್ತಲ್ಲ ಮಾವ."

"ಗಾಜು ತಾನೆ," ಅಂದರು ಮಾವ. "ಕಾಣುತ್ತೆ."